ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಗಂಟೆ?

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿರುವ ಅಪ್ಪ-ಅಮ್ಮಂದಿರು ಮೊದಲ ಸಲ ಹೊರಡುವ ಮುಂಚೆ ನನ್ನನ್ನು ಕೇಳುವುದು ಇದನ್ನೇ: ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ?

ದೂರ ಸುಮಾರು 14,000 ಕಿ.ಮೀ. ಎಲ್ಲೂ ನಿಲ್ಲದ ವಿಮಾನವಾದರೆ 16ರಿಂದ 18 ಗಂಟೆ. ಇಷ್ಟು ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬಾರದು, ಏಕೆಂದರೆ ಕಿಲೋಮೀಟರಿನಿಂದ ಗಂಟೆಯ ಲೆಕ್ಕ ಹಾಕಲು ಹೋದರೆ ತಪ್ಪುತ್ತದೆ.

ಆ 14,000 ಗ್ಲೋಬಿನ ಮೇಲೆ ದಾರ ಬಿಗಿಹಿಡಿದಾಗ ಸಿಗುವ ಅಂಕಿ. ಆ ದಾರ ಹಿಮಾಲಯ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಮೇಲೆ ಹಾಯುತ್ತದೆ. ವಿಮಾನ ಹಾಗೇ ಹೋಗುವುದು ಕಷ್ಟ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು, ಮಾಸ್ಕ್ ಇಲ್ಲದೆಯೂ ಉಸಿರಾಡಬಹುದಾದ ಎತ್ತರ ಅದು. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರಿಗಿಂತ ಮೇಲಿದೆ! ಹಾಗಾಗಿ ಸಾಮಾನ್ಯವಾಗಿ ಸುತ್ತುಹಾಕಿಯೇ ಹೋಗುತ್ತಾರೆ.

ಅದಕ್ಕಿಂತ ದೊಡ್ಡ ಕಾರಣ ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಇದೆ, ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, ಆದರೂ ಸುಮಾರು ಎರಡು ಗಂಟೆ ಮುಂಚೆ ತಲುಪಿತು. ಗಾಳಿ ಬೆನ್ನಿಗಿದ್ದರೆ ಸುತ್ತುದಾರಿಯೇ ಹತ್ತಿರದ ದಾರಿ. ಇದನ್ನು ಓದಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ. ಬರುವಾಗ ಇದೇ ಗಾಳಿ ಎದುರಾದೀತೆಂದು ಬೇರೆ ದಾರಿ ಹುಡುಕುತ್ತಾರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದಲೇ ವಿಮಾನ ತಂದರು. 9ರಂದು ಹೊರಟು 11ರ ನಸುಕಿಗೆ ಇಳಿದರು.

ಎರಡು ದಿನ ಹಾರಿದರೇ ಎಂದು ಗಾಬರಿಯಾಗಬೇಡಿ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿ ಹತ್ತಿ 17 ಗಂಟೆ ಕೂತರೂ ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ಐದೂವರೆ. ಬರುವಾಗ ಶುಕ್ರವಾರ ರಾತ್ರಿ ಹತ್ತಿದವರು ಭಾನುವಾರ ಬೆಳಗಿನ ಜಾವ ಇಳಿಯುತ್ತಾರೆ.

ದುಬೈ, ಫ್ರಾಂಕ್‌ಫರ್ಟ್ ಮೂಲಕ ಹೋದರೆ ಒಟ್ಟು 21 ಗಂಟೆಯಾದರೂ ಬೇಕು. ಮಂಡಿನೋವು ಇರುವವರಿಗೆ ನಡುವೆ ಇಳಿದು ಕಾಲಾಡಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಆದರೆ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಬಿಡುವಿರುವಂತೆ ಮಕ್ಕಳಿಗೆ ಹೇಳಿ ಬುಕ್ ಮಾಡಿಸಿ. ವೀಲ್‌ಚೇರ್ ಬೇಕಿದ್ದರೆ ಅದನ್ನೂ ಆಗಲೇ ಕೇಳಿಬಿಡಿ.