ತುಂಬಿದ ಬಾಟಲಿ ತುಂಬಿದಂತೆಯೇ ಮನೆಗೆ ಹೋಗುತ್ತಿತ್ತು

ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಮೊದಲು ಹೆಲ್ಪರ್, ಆಮೇಲೆ ಟೈಲರ್, ಈಗ ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಶರ್ಟ್ ಲೈನಿನ ಸೂಪರ್‌ವೈಸರ್. ನನ್ನ ಲೈನಿನಲ್ಲಿ 38 ಮಿಷಿನ್. ಇಬ್ಬರು ಮೂವರು ಬಿಟ್ಟರೆ ಕೂತವರೆಲ್ಲ ಹೆಣ್ಣುಮಕ್ಕಳು.

ಕಫ್ ಹಾಕುವ ಒಬ್ಬಳು ಹುಡುಗಿ ರಾಮನಗರದ ಆಚೆಯ ಹಳ್ಳಿಯಿಂದ ಬರುತ್ತಿದ್ದಳು. ಕೈ ಬಹಳ ಚುರುಕು. ಬೆಳಿಗ್ಗೆ ಗಂಟೆಗೆ 60 ಪೀಸ್ ಸಲೀಸಾಗಿ ಕೊಡುವವಳು ಮಧ್ಯಾಹ್ನ ಮೂರು ದಾಟಿದರೆ 40ಕ್ಕೆ ಇಳಿಯುತ್ತಿದ್ದಳು. ಆಲ್ಟರ್ ಪೀಸೂ, ಅಂದರೆ ಹೊಲಿಗೆ ಸರಿಯಿಲ್ಲದೆ ವಾಪಸ್ ಬರುವ ಪೀಸೂ, ಜಾಸ್ತಿ ಬರುತ್ತಿತ್ತು. ನಾನು ಎಲ್ಲರೆದುರು ಬೈದೆ. "ಊಟ ಆದ ತಕ್ಷಣ ನಿದ್ದೆ ಬರುತ್ತಾ ನಿಂಗೆ?" ಅಂದೆ. ಅವಳು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು.

ಒಂದು ದಿನ ಮಿಷಿನ್ ಬಿಟ್ಟು ಎದ್ದವಳು ಕಿಬ್ಬೊಟ್ಟೆ ಹಿಡಿದು ಹಾಗೇ ಬಗ್ಗಿ ನಿಂತಳು. ಮೈ ಮುಟ್ಟಿದರೆ ಕೆಂಡ. ನಾನೇ ಇಎಸ್ಐ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆ. ಮೂತ್ರದ ಸೋಂಕು. ಮೂರು ತಿಂಗಳಲ್ಲಿ ಎರಡನೇ ಸಲವಂತೆ, ನನಗೆ ಹೇಳಿಯೇ ಇರಲಿಲ್ಲ. "ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?" ಅಂತ ಡಾಕ್ಟರಮ್ಮ ಕೇಳಿದರು. "ಬೆಳಿಗ್ಗೆ ಕಾಫಿ. ಊಟಕ್ಕೆ ಒಂದು ಲೋಟ ನೀರು ಮೇಡಂ" ಅಂದಳು.

ಅವಳನ್ನು ಅಲ್ಲಿ ಕೂರಿಸಿ ಬ್ಯಾಗ್ ತರಲು ಫ್ಲೋರಿಗೆ ವಾಪಸ್ ಬಂದೆ. ಮಿಷಿನ್ ಕೆಳಗೆ ಅವಳ ಸ್ಟೀಲ್ ಬಾಟಲಿ ಇತ್ತು. ಎತ್ತಿದರೆ ಭಾರ. ಮುಚ್ಚಳ ತೆಗೆದು ನೋಡಿದೆ, ಕಂಠದವರೆಗೂ ನೀರು. ಪಕ್ಕದ ಮಿಷಿನ್ ಕೆಳಗಿನ ಬಾಟಲಿ ಎತ್ತಿದೆ. ಅದೂ ತುಂಬಿತ್ತು. ಅದರ ಪಕ್ಕದ್ದು ಒಂದೆರಡು ಗುಟುಕು ಕಡಿಮೆ. ಐದೂವರೆ ಬೆಲ್ಲಿಗೆ ಇನ್ನು ಹತ್ತು ನಿಮಿಷ ಇತ್ತು. ಬೆಳಿಗ್ಗೆ ಮನೆಯಲ್ಲಿ ತುಂಬಿಸಿಕೊಂಡ ನೀರು ಸಂಜೆ ಮನೆಗೇ ಹೋಗುತ್ತಿತ್ತು.

ಕಾಲರ್ ಹಾಕುವ ಅಕ್ಕನನ್ನು ಕೇಳಿದೆ, "ಯಾಕಕ್ಕ, ಯಾರೂ ನೀರೇ ಕುಡಿಯಲ್ಲ?"

"ಕುಡಿದ್ರೆ ಹೋಗ್ಬೇಕಲ್ಲ ಮೇಡಂ. ಟೋಕನ್ ನಿಮ್ಮ ಕೈಲಿರುತ್ತೆ."

ನಮ್ಮಲ್ಲಿ ಟಾಯ್ಲೆಟ್‌ಗೆ ಲೈನಿಗೊಂದು ಟೋಕನ್ ಇತ್ತು. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು. ಅದನ್ನು ಇಟ್ಟುಕೊಂಡಿದ್ದವಳು ನಾನು. ಐದು ನಿಮಿಷ ದಾಟಿದರೆ ಗಡಿಯಾರ ನೋಡುತ್ತಿದ್ದವಳೂ ನಾನೇ. ಟೈಲರ್ ಆಗಿದ್ದಾಗ ಇದೇ ಹಿಂಸೆ ನಾನೂ ಅನುಭವಿಸಿದ್ದೆ. ಅದನ್ನು ಮರೆತಿದ್ದೆನಲ್ಲ ಅಂತ ಆ ರಾತ್ರಿ ತುಂಬ ಸಂಕಟವಾಯಿತು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ದೂರದಿಂದ ಬರುವವರದ್ದು ಒಂದೂವರೆ ಗಂಟೆ ಬಸ್ಸು, ನಡುವೆ ಎಲ್ಲೂ ನಿಲ್ಲಿಸಲ್ಲ. ಅದಕ್ಕೆ ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ನೀರು ಹಾಕುವುದಿಲ್ಲ. ಫ್ಲೋರಿನಲ್ಲಿ ಬಟ್ಟೆಗೆ ಕಲೆ ಆಗುತ್ತದೆ ಅಂತ ಬಾಟಲಿ ಮಿಷಿನ್ ಮೇಲೆ ಇಡುವ ಹಾಗಿಲ್ಲ. ಕಣ್ಣಿಗೆ ಕಾಣದ ನೀರು ನೆನಪಿಗೂ ಬರುವುದಿಲ್ಲ. ಎದ್ದು ಹೋದರೆ ಬಂಡಲ್ ಗುಡ್ಡೆ ಬೀಳುತ್ತದೆ, ಮುಂದಿನ ಮಿಷಿನಿನವಳು ಖಾಲಿ ಕೂರುತ್ತಾಳೆ. ಟಾಯ್ಲೆಟ್ಟಿನ ಒಂದು ಬಾಗಿಲಿಗೆ ಚಿಲಕ ಇರಲಿಲ್ಲ. ಮುಟ್ಟಿನ ದಿನಗಳಲ್ಲಂತೂ ಕೇಳುವುದೇ ಬೇಡ.

ಇಷ್ಟು ದಿನ "ನೀರು ಕುಡೀರಿ, ನೀರು ಕುಡೀರಿ" ಅಂತ ಬೋರ್ಡ್ ಹಾಕಿದ್ದೆವು. ಕುಡಿದ ಮೇಲೆ ಅವರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನಾವು ಯೋಚಿಸಿರಲಿಲ್ಲ.

ಮೊದಲು ಟೋಕನ್ ತೆಗೆಸಿದೆ. ಫ್ಲೋರ್ ಇನ್‌ಚಾರ್ಜ್ ಒಪ್ಪಲಿಲ್ಲ, ಪ್ರೊಡಕ್ಷನ್ ಬೀಳುತ್ತೆ ಅಂದರು. ಒಂದು ವಾರ ಟೈಮ್ ಕೊಡಿ ಸರ್ ಅಂತ ಕೇಳಿಕೊಂಡೆ. ಎಲ್ಲ ಆಪರೇಷನ್ ಗೊತ್ತಿರುವ ಒಬ್ಬ ಎಕ್ಸ್‌ಟ್ರಾ ಟೈಲರ್ ನಮ್ಮ ಲೈನಿನಲ್ಲಿ ಇದ್ದರು. ಯಾರು ಎದ್ದರೂ ಆ ಮಿಷಿನಿನಲ್ಲಿ ಅವರು ಕೂರುವ ಹಾಗೆ ಮಾಡಿದೆ. ಬಂಡಲ್ ನಿಲ್ಲಲಿಲ್ಲ. ವಾರದ ಕೊನೆಗೆ ಟಾರ್ಗೆಟ್ಟೂ ಬೀಳಲಿಲ್ಲ. ಮೂರು ಗಂಟೆ ಮೇಲಿನ ಆಲ್ಟರ್ ಪೀಸ್ ಕಡಿಮೆಯಾಗಿದ್ದನ್ನು ಇನ್‌ಚಾರ್ಜ್ ಅವರೇ ರಿಜಿಸ್ಟರ್‌ನಲ್ಲಿ ನೋಡಿ ಹೇಳಿದರು. ಚಿಲಕ ಹಾಕಿಸಲು ಮಾತ್ರ ಹದಿನೈದು ದಿನ ಓಡಾಡಬೇಕಾಯಿತು. ನೀರಿನ ಕ್ಯಾನನ್ನು ಲೈನಿನ ತುದಿಗೆ ತರಿಸಿದೆ. ಇದರಲ್ಲಿ ಯಾವುದೂ ಉಪಕಾರ ಅಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯುವ ನೀರು ಕೆಲಸಗಾರರಿಗೆ ಅನುಕೂಲವಾದ ಜಾಗದಲ್ಲಿರಬೇಕು, ಶೌಚಾಲಯದಿಂದ 6 ಮೀಟರ್ ಆದರೂ ದೂರ ಇರಬೇಕು, 250ಕ್ಕಿಂತ ಜಾಸ್ತಿ ಜನ ಇದ್ದರೆ ಬೇಸಿಗೆಯಲ್ಲಿ ತಣ್ಣನೆ ನೀರು ಕೊಡಬೇಕು ಅಂತ ಬರೆದಿದ್ದರು.

ಕುಡಿಯುವ ರೀತಿಯನ್ನೂ ಕಲಿಯಬೇಕಾಯಿತು. ಊಟದ ಬೆಲ್ ಆದಾಗ ಇಡೀ ಬಾಟಲಿ ಒಂದೇ ಸಲ ಗಟಗಟ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಜಾಸ್ತಿ ನೀರು ಹಾಗೇ ಹೊರಗೆ ಹೋಗುತ್ತದೆ. ಗಂಟೆಗೊಮ್ಮೆ ಅರ್ಧ ಲೋಟ, ಒಂದು ಲೋಟ ಸಾಕು. ಎಷ್ಟು ಸಾಲುತ್ತಿದೆ ಅಂತ ತಿಳಿಯಲು ಡಾಕ್ಟರಮ್ಮ ಸುಲಭದ ದಾರಿ ಹೇಳಿದರು. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿ ಆಗಿ ವಾಸನೆ ಬರುತ್ತಿದ್ದರೆ ನೀರು ಸಾಲುತ್ತಿಲ್ಲ. ಕಿಡ್ನಿ, ಹಾರ್ಟ್ ತೊಂದರೆ ಇದ್ದು ಡಾಕ್ಟರ್ ನೀರಿಗೆ ಲೆಕ್ಕ ಹಾಕಿಕೊಟ್ಟಿದ್ದರೆ ಆ ಲೆಕ್ಕವೇ ಸರಿ, ಅವರು ಇದನ್ನೆಲ್ಲ ಅನುಸರಿಸಬಾರದು.

ಹೆಂಗಸರಿಗೆ ಮೂತ್ರನಾಳ ಗಿಡ್ಡ, ಅದಕ್ಕೇ ಸೋಂಕು ಬೇಗ ಮೇಲೆ ಹತ್ತುತ್ತದೆ. ಆಗಾಗ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ಒಂದು ವರ್ಷ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬೇರೆ ಏನೂ ಅಲ್ಲ, ಬರೀ ನೀರು! ಇದನ್ನು ಓದಿದಾಗ ನನಗೆ ಆ ಹುಡುಗಿಯ ಬಾಟಲಿಯ ಭಾರವೇ ನೆನಪಾಯಿತು.

ಬಸ್ಸಿನ ಸಮಸ್ಯೆ ಇನ್ನೂ ಹಾಗೇ ಇದೆ. ಬೆಳಿಗ್ಗೆ ಕುಡಿಯಲಾಗದವರು ಫ್ಯಾಕ್ಟರಿಗೆ ಬಂದ ತಕ್ಷಣ ಮೊದಲ ಲೋಟ ಕುಡಿಯಲಿ ಅಂತ ಹೇಳಿದ್ದೇನೆ. ಕೆಲವರು ರಾಗಿ ಅಂಬಲಿ, ಮಜ್ಜಿಗೆ ತರುತ್ತಾರೆ. ಐರನ್ ಸೆಕ್ಷನ್ನಿನ ಗಂಡಸರದ್ದು ಬೇರೆ ಕಥೆ. ಇಡೀ ದಿನ ಸ್ಟೀಮ್ ಮುಂದೆ ನಿಂತು ಬೆವರು ಸುರಿಸುತ್ತಾರೆ, ಅವರ ಕ್ಯಾನ್ ಹನ್ನೆರಡಕ್ಕೇ ಖಾಲಿ. ಎರಡನೇ ಕ್ಯಾನಿಗೆ ಬರೆದು ಕೊಟ್ಟಿದ್ದೇನೆ. ಇನ್ನೂ ಬಂದಿಲ್ಲ, ಸೋಮವಾರ ಮತ್ತೆ ಕೇಳುತ್ತೇನೆ.

ಕಫ್ ಹುಡುಗಿ ಈಗಲೂ ನನ್ನ ಲೈನಿನಲ್ಲೇ ಇದ್ದಾಳೆ. ಅಂದು ಎಲ್ಲರೆದುರು ಬೈದಿದ್ದಕ್ಕೆ ಎಲ್ಲರೆದುರೇ ತಪ್ಪಾಯಿತು ಅಂದೆ. "ಬಿಡಿ ಮೇಡಂ" ಅಂದಳು. ಮಧ್ಯಾಹ್ನ ಎರಡರ ಹೊತ್ತಿಗೆ ಬಾಟಲಿ ಎತ್ತಿಕೊಂಡು ಕ್ಯಾನಿನ ಹತ್ತಿರ ಹೋಗುತ್ತಾಳೆ. ಹೋಗುವಾಗ ಪಕ್ಕದವಳ ಬಾಟಲಿಯನ್ನೂ ತೆಗೆದುಕೊಂಡು ಹೋಗುತ್ತಾಳೆ.