ಹದಿನೈದನೇ ನಂಬರ್ ಮತ್ತು ಚಿಕ್ಕಮಗಳೂರಿನ ಏಳು

ನಮ್ಮ ಕಾಲದಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನಿಂದ ಒಬ್ಬ ಒಳ್ಳೆಯ ಬಾಸ್ಕೆಟ್‌ಬಾಲ್ ಆಟಗಾರ ತಯಾರಾದ. ಬೆವರು ಸುರಿಸಿದ್ದು ಹಾಸನದಲ್ಲಿ, ಪಾಠ ಹೇಳಿಸಿಕೊಂಡದ್ದು ಎದುರಾಳಿ ಕಾಲೇಜಾದ ಚಿಕ್ಕಮಗಳೂರಿನವರಿಂದ. ಇದನ್ನು ಓದಿ ನಮ್ಮ ಆಟದ ಮೇಷ್ಟ್ರು ಪಿ.ಡಿ. ಸರ್ ಬೇಜಾರು ಮಾಡಿಕೊಳ್ಳಬಾರದು. ಅವರೂ ಕಲಿಸಿದರು, ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ನಿಂತು ವಿಷಲ್ ಊದಿ ಊದಿ ಕಲಿಸಿದರು. ಆದರೆ ಏನನ್ನು ಕಲಿಯಬೇಕು ಅಂತ ಪ್ರತಿ ವರ್ಷ ತೋರಿಸಿಕೊಟ್ಟದ್ದು ಎದುರಾಳಿಗಳೇ. ನಾನು ಬೆಂಚಿನಲ್ಲಿ ಕೂತು ಸ್ಕೋರ್ ಶೀಟ್ ಬರೆಯುತ್ತಿದ್ದವನು, ಅಪರೂಪಕ್ಕೆ ಯಾರದ್ದಾದರೂ ಕಾಲು ಉಳುಕಿದರೆ ಒಳಗೆ ಹೋಗುತ್ತಿದ್ದವನು. ಬೆಂಚಿನವನಿಗೆ ಆಟ ಜಾಸ್ತಿ ಕಾಣುತ್ತದೆ. ಆಡುವವರು ಇದನ್ನು ಒಪ್ಪುವುದಿಲ್ಲ, ಬಿಡಿ.

'ನನ್ನ ಹೆಸರು ಹಾಕಬೇಡ ಮಾರಾಯ' ಅಂತ ಆ ಆಟಗಾರ ಫೋನಿನಲ್ಲೇ ಹೇಳಿಬಿಟ್ಟ. ಹಾಗಾಗಿ ನಂಬರಿನಿಂದಲೇ ಕರೆಯುತ್ತೇನೆ, ಆಗಲೂ ಹಾಗೇ ಕರೆಯುತ್ತಿದ್ದೆವು. ಹದಿನೈದು. ಆಗೆಲ್ಲ ಜೆರ್ಸಿ ನಂಬರ್ 4ರಿಂದ 15ರವರೆಗೆ ಮಾತ್ರ ಇರುತ್ತಿತ್ತು. ಒಂದು, ಎರಡು, ಮೂರನ್ನು ಕೊಡುತ್ತಿರಲಿಲ್ಲ, ಏಕೆಂದರೆ ರೆಫರಿ ಆ ಬೆರಳುಗಳನ್ನು ಎತ್ತಿದರೆ ಅದು ಪಾಯಿಂಟಿನ ಲೆಕ್ಕ. ನಮ್ಮ ಸೆಟ್‌ನಲ್ಲಿ 15 ಎಲ್ಲಕ್ಕಿಂತ ದೊಡ್ಡ ಸೈಜು, ಯಾರು ಹಾಕಿಕೊಂಡರೂ ನೈಟಿ ತರ ಕಾಣುತ್ತಿತ್ತು, ಹಾಗಾಗಿ ಟ್ರಂಕಿನಲ್ಲೇ ಬಿದ್ದಿತ್ತು. 1999ರಲ್ಲಿ ಶಾಂತಿಗ್ರಾಮದ ಕಡೆಯ ಹಳ್ಳಿಯಿಂದ ಒಬ್ಬ ಉದ್ದನೆಯ ಹುಡುಗ ಬಂದು ಹಾಕಿಕೊಂಡ, ಸರಿಯಾಗಿ ಕೂತಿತು.

ಅವನು ಅಲ್ಲಿಯವರೆಗೆ ಬಾಸ್ಕೆಟ್‌ಬಾಲ್ ಮುಟ್ಟಿದವನೇ ಅಲ್ಲ. ವಾಲಿಬಾಲ್ ಹುಡುಗ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಕಂಬ, ಒಂದು ನೆಟ್ ಇದ್ದರೆ ಮುಗಿಯಿತು, ಸಂಜೆ ಆಟ ಶುರು. ಬಾಸ್ಕೆಟ್‌ಬಾಲ್‌ಗೆ ಗಟ್ಟಿ ನೆಲ ಬೇಕು, ಬೋರ್ಡ್ ಬೇಕು, ಹತ್ತು ಅಡಿ ಎತ್ತರದಲ್ಲಿ ರಿಂಗ್ ಬೇಕು, ಹಳ್ಳಿಯಲ್ಲಿ ಯಾರು ಮಾಡಿಸುತ್ತಾರೆ? ಇವನು ಎತ್ತರ ಇದ್ದಾನೆ ಅನ್ನೋ ಒಂದೇ ಕಾರಣಕ್ಕೆ ಪಿ.ಡಿ. ಸರ್ ಅಡ್ಮಿಷನ್ ಕ್ಯೂನಿಂದಲೇ ಎಳೆದುಕೊಂಡು ಬಂದರು. ಚೆಂಡು ಹಿಡಿದುಕೊಂಡು ಆರಾಮಾಗಿ ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಚೆಂಡು ಪುಟಿಸದೆ ನಡೆಯುವುದು ತಪ್ಪು, 'ಟ್ರಾವೆಲಿಂಗ್' ಅಂತ ಎಲ್ಲರೂ ಕಿರುಚುವುದು, ಇವನು ಗಾಬರಿಯಾಗಿ ಚೆಂಡು ಕೆಳಗೆ ಇಡುವುದು. ಮೊದಲ ತಿಂಗಳು ಇದೇ ಆಯಿತು.

ಚಿಕ್ಕಮಗಳೂರಿನವರ ಬಗ್ಗೆ ಸ್ವಲ್ಪ ಹೇಳಬೇಕು. 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಬರುವವರೆಗೆ ಹಾಸನ ಮೈಸೂರು ವಿಶ್ವವಿದ್ಯಾಲಯದ ಕಡೆ, ಚಿಕ್ಕಮಗಳೂರು ಕುವೆಂಪು ವಿಶ್ವವಿದ್ಯಾಲಯದ ಕಡೆ. ಅಕ್ಕಪಕ್ಕದ ಊರು, ಆದರೆ ಟೂರ್ನಿಗಳು ಬೇರೆ ಬೇರೆ. ವಿಟಿಯು ಬಂದ ಮೇಲೆ ಎಲ್ಲರೂ ಒಂದೇ ಚಾವಣಿ ಕೆಳಗೆ ಬಂದೆವು, ಜಗಳಕ್ಕೆ ಅಧಿಕೃತ ಮುದ್ರೆ ಬಿತ್ತು. ರೈಲು ಆಗ ಅವರ ಊರಿಗೆ ಇರಲಿಲ್ಲ, ಅದು ಬಂದದ್ದು 2013ರಲ್ಲಿ. ಹಾಸನದಿಂದ ಬೇಲೂರು ಮೇಲೆ ಸುಮಾರು 60 ಕಿಲೋಮೀಟರ್ ಬಸ್ಸು. ಬೇಲೂರು ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಟೀ ಕುಡಿಯುವುದು, ಹೋಗುವಾಗ ಜೋರು ಮಾತು, ಬರುವಾಗ ಅದೇ ಸ್ಟ್ಯಾಂಡಿನಲ್ಲಿ ಯಾರೂ ಇಳಿಯುತ್ತಲೇ ಇರಲಿಲ್ಲ. ಅವರ ಹುಡುಗರು ನಮ್ಮನ್ನು ನೋಡಿದ ತಕ್ಷಣ 'ಆಲೂಗಡ್ಡೆ, ಆಲೂಗಡ್ಡೆ' ಅಂತ ಕೂಗುತ್ತಿದ್ದರು. ನಾವು 'ಕಾಪಿಪುಡಿ' ಅಂತ ತಿರುಗಿ ಕೂಗುತ್ತಿದ್ದೆವು. ಹದಿನೈದರ ಮನೆಯವರು ನಿಜಕ್ಕೂ ಆಲೂಗಡ್ಡೆ ಬೆಳೆಯುತ್ತಿದ್ದವರು, ಆದ್ದರಿಂದ ಅವನಿಗೆ ಅದು ಬೈಗುಳ ಅನ್ನಿಸುತ್ತಲೇ ಇರಲಿಲ್ಲ. 'ಹೌದು, ಏನೀಗ?' ಅನ್ನುತ್ತಿದ್ದ.

ಅವರ ತಂಡದಲ್ಲಿ ಒಬ್ಬ ಏಳನೇ ನಂಬರ್. ಕುಳ್ಳಗೆ, ಸಣ್ಣಗೆ, ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ಕಟ್ಟುವವನು. ನಮ್ಮವನದ್ದೇ ಬ್ಯಾಚು. ಮೊದಲ ವರ್ಷದ ಪಂದ್ಯದಲ್ಲಿ ಈ ಏಳು ಮಾಡಿದ್ದು ಒಂದೇ ಕೆಲಸ. ರಿಂಗ್ ಹತ್ತಿರ ಬಂದು ಚೆಂಡನ್ನು ಹಣೆಯವರೆಗೆ ಎತ್ತಿ ಹೊಡೆಯುವ ಹಾಗೆ ನಟಿಸುವುದು. ವಾಲಿಬಾಲ್‌ನಲ್ಲಿ ಎದುರಿನವನ ಕೈ ಮೇಲೆ ಹೋದ ತಕ್ಷಣ ಬ್ಲಾಕ್‌ಗೆ ಹಾರಬೇಕು, ಅದು ನಮ್ಮವನ ಮೈಯಲ್ಲೇ ಇತ್ತು. ಹಾರುತ್ತಿದ್ದ. ಏಳು ಅವನು ಕೆಳಗೆ ಬರುವುದನ್ನು ಕಾದು, ಅವನ ಕೆಳಗೇ ನುಗ್ಗಿ ಡಿಕ್ಕಿ ಹೊಡೆಸಿಕೊಂಡು, ಫೌಲ್ ತೆಗೆದುಕೊಂಡು, ಬಾಸ್ಕೆಟ್ಟನ್ನೂ ಹಾಕುತ್ತಿದ್ದ. ಮತ್ತೆ ಅದೇ. ಮತ್ತೆ ಅದೇ. ಐದು ಫೌಲ್ ಆಗಿ ಹದಿನೈದು ಹೊರಗೆ ಬಂದು ನನ್ನ ಪಕ್ಕ ಕೂತಾಗ ಇನ್ನೂ ಅರ್ಧ ಆಟವೂ ಮುಗಿದಿರಲಿಲ್ಲ. ಒಂದು ಮಾತಾಡಲಿಲ್ಲ. ಬಸ್ಸಿನಲ್ಲಿ ಮಾತ್ರ ಕೇಳಿದ, 'ಅವನು ಯಾವಾಗ ನಿಜವಾಗಿ ಹೊಡೀತಾನೆ ಅಂತ ಹೆಂಗೋ ಗೊತ್ತಾಗೋದು?'

ಮಾರನೇ ದಿನ ಪಿ.ಡಿ. ಸರ್ ಉತ್ತರ ಕೊಟ್ಟರು. ಚೆಂಡು ನೋಡಬೇಡ, ಸೊಂಟ ನೋಡು. ಕೈ, ತಲೆ, ಕಣ್ಣು ಎಲ್ಲದರಲ್ಲೂ ಮೋಸ ಮಾಡಬಹುದು, ಸೊಂಟ ಹೋದ ಕಡೆ ಮಾತ್ರ ಮೈ ಹೋಗಲೇಬೇಕು. ಒಂದು ವರ್ಷ ಪೂರ್ತಿ ಅವನು ಕೈ ಎತ್ತಿ ನೆಲದ ಮೇಲೇ ನಿಲ್ಲುವುದನ್ನು ಕಲಿತ. ಹಾರುವುದನ್ನು ಕಲಿಯುವುದು ಸುಲಭ, ಹಾರದೆ ಇರುವುದು ಕಷ್ಟ ಅನ್ನೋದು ನನಗೆ ಆಗ ಗೊತ್ತಾಯಿತು. ಜೊತೆಗೆ ರೀಬೌಂಡ್‌ಗೆ, ಅಂದರೆ ತಪ್ಪಿ ಪುಟಿದು ಬರುವ ಚೆಂಡಿಗೆ, ಬೆನ್ನು ಕೊಟ್ಟು ಎದುರಾಳಿಯನ್ನು ಹಿಂದೆ ತಡೆಯುವುದನ್ನೂ ಕಲಿತ, ಆ ಮೈಕಟ್ಟಿಗೆ ಅದು ಬೇಗ ಬಂತು.

2000ರಲ್ಲಿ ಏನಾಯಿತು? ಏಳು ಕೈ ಎತ್ತಿದ, ನಮ್ಮವನು ಕದಲಲಿಲ್ಲ, ಏಳು ನಕ್ಕ. ನನಗೆ ಆ ನಗು ಇಷ್ಟವಾಗಲಿಲ್ಲ. ಅವರು ಅರ್ಧ ಆಟ ಆಗುವುದರೊಳಗೆ ಪ್ಲಾನ್ ಬದಲಾಯಿಸಿದರು. ಇಬ್ಬರು ಮುಂದೆ, ಮೂವರು ರಿಂಗ್ ಕೆಳಗೆ, ಆಟಗಾರನನ್ನಲ್ಲ, ಜಾಗವನ್ನು ಕಾಯುವ ಟೂ-ತ್ರೀ ಝೋನ್. ಹದಿನೈದನ್ನು ಹೊರಗೆ ಬಿಟ್ಟುಬಿಟ್ಟರು, ಯಾರೂ ಕಾಯಲೇ ಇಲ್ಲ. 'ಹೊಡಿ ಹೊಡಿ' ಅಂತ ಏಳು ಕೈಸನ್ನೆ ಬೇರೆ ಮಾಡುತ್ತಿದ್ದ. ರಿಂಗ್ ಕೆಳಗೆ ಬಿಟ್ಟು ಬೇರೆಲ್ಲಿಂದಲೂ ಹೊಡೆಯಲು ಬಾರದ ಹುಡುಗ ಚೆಂಡು ಹಿಡಿದುಕೊಂಡು ನಿಂತಿದ್ದ. ಸೋತೆವು.

ಆ ವರ್ಷವೇ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ನಿಯಮಗಳನ್ನೂ ಬದಲಾಯಿಸಿತು. 20 ನಿಮಿಷದ ಎರಡು ಅರ್ಧಗಳ ಬದಲು 10 ನಿಮಿಷದ ನಾಲ್ಕು ಕ್ವಾರ್ಟರ್, 30 ಸೆಕೆಂಡಿನ ಬದಲು 24 ಸೆಕೆಂಡಿನಲ್ಲಿ ಹೊಡೆಯಬೇಕು, ಅರ್ಧ ಅಂಕಣ ದಾಟಲು 10ರ ಬದಲು 8 ಸೆಕೆಂಡು. ನಮ್ಮ ಕಡೆಗೆ ಇದೆಲ್ಲ ಬರಲು ಸ್ವಲ್ಪ ಸಮಯ ಹಿಡಿಯಿತು, ಬಂದ ಮೇಲೂ ಶಾಟ್ ಕ್ಲಾಕ್ ಎಲ್ಲಿಂದ ತರುವುದು, ಟೇಬಲ್ ಮೇಲೆ ಒಬ್ಬ ಸ್ಟಾಪ್‌ವಾಚ್ ಹಿಡಿದು ಕೊನೆಯ ಸೆಕೆಂಡುಗಳನ್ನು ಜೋರಾಗಿ ಕೂಗುತ್ತಿದ್ದ. ಆದರೆ ಆಟದ ಓಟ ಜಾಸ್ತಿಯಾಯಿತು. ಹೊರಗಿನಿಂದ ಹೊಡೆಯಲು ಬಾರದ ಉದ್ದನೆಯವನನ್ನು ಇಟ್ಟುಕೊಂಡು ನಿಧಾನವಾಗಿ ಆಡುವ ಕಾಲ ಹೋಯಿತು.

ಹಾಗಾಗಿ ಹದಿನೈದು ಬೋರ್ಡಿಗೆ ಹೊಡೆದು ಹಾಕುವುದನ್ನು ಹಿಡಿದ. ಬೋರ್ಡಿನ ಮೇಲೆ ರಿಂಗ್ ಹಿಂದೆ ಒಂದು ಸಣ್ಣ ಚೌಕ ಇರುತ್ತದಲ್ಲ, 59 ಸೆಂಟಿಮೀಟರ್ ಅಗಲ, 45 ಎತ್ತರ. ಪಕ್ಕದಿಂದ ಓರೆಯಾಗಿ ನಿಂತು ಅದರ ಮೇಲಿನ ಮೂಲೆಗೆ ಮೆತ್ತಗೆ ತಾಗಿಸಿದರೆ ಚೆಂಡು ತಾನೇ ಒಳಗೆ ಹೋಗುತ್ತದೆ. ನೆಟ್ ಇಲ್ಲದ ನಮ್ಮ ರಿಂಗ್‌ಗೆ ಇದೇ ಸರಿ, ನೇರ ಹೊಡೆತ ಹೋಯಿತೋ ತಪ್ಪಿತೋ ಅಂತಲೇ ದೂರದಿಂದ ಗೊತ್ತಾಗುತ್ತಿರಲಿಲ್ಲ. 2001ರ ಮಾರ್ಚಿನಲ್ಲಿ ಕೋಲ್ಕತ್ತ ಟೆಸ್ಟ್ ನಡೆಯುತ್ತಿತ್ತು, ಲಕ್ಷ್ಮಣ್ 281, ನಮ್ಮ ದ್ರಾವಿಡ್ 180, ಇಡೀ ದಿನ ಒಂದು ವಿಕೆಟ್ ಬೀಳಲಿಲ್ಲ, ಹಾಸ್ಟೆಲಿನ ಟಿವಿ ರೂಮಿನಲ್ಲಿ ಕಿಟಕಿ ಮೇಲೂ ಜನ. ಕಾಮೆಂಟರಿ ಮಧ್ಯೆ ಹೊರಗಿನಿಂದ ಧಡ್, ಧಡ್ ಅಂತ ಬೋರ್ಡಿಗೆ ಚೆಂಡು ಬಡಿಯುವ ಸದ್ದು. 'ಯಾವನೋ ಅವನು, ಇವತ್ತೂ ಆಡ್ತಾವ್ನೆ?' ಅಂತ ಯಾರೋ ಕೇಳಿದರು. ಯಾವನು ಅಂತ ಎಲ್ಲರಿಗೂ ಗೊತ್ತಿತ್ತು. ಕ್ರಿಕೆಟ್ ಬಿಟ್ಟು ಬೇರೆ ಆಟ ಆಡುವವರ ಪಾಡು ಇಷ್ಟೇ ನೋಡಿ.

ಮೂರನೇ ವರ್ಷ ಆ ಹೊಡೆತಗಳು ಬಿದ್ದವು. ಎರಡು ಕ್ವಾರ್ಟರ್ ನಾವೇ ಮುಂದೆ. ಆಮೇಲೆ ಅವರು ಇನ್ನೊಂದು ಬಾಗಿಲು ತೆರೆದರು. ಹದಿನೈದರ ಕೈಗೆ ಚೆಂಡು ಬಂದ ತಕ್ಷಣ ಫೌಲ್ ಮಾಡುವುದು. ಹೊಸ ನಿಯಮದಲ್ಲಿ ಒಂದು ಕ್ವಾರ್ಟರಿನಲ್ಲಿ ನಾಲ್ಕು ಟೀಮ್ ಫೌಲ್ ದಾಟಿದರೆ ಪ್ರತಿ ಫೌಲಿಗೂ ಎರಡು ಫ್ರೀ ಥ್ರೋ. ಕೊಡಲಿ ಬಿಡು ಅಂದುಕೊಂಡರು, ಏಕೆಂದರೆ ಇವನು ಹಾಕುವುದಿಲ್ಲ ಅಂತ ಏಳು ಪತ್ತೆ ಹಚ್ಚಿದ್ದ. ಫ್ರೀ ಥ್ರೋ ಗೆರೆ ಬೋರ್ಡಿಗೆ 4.6 ಮೀಟರ್ ದೂರ, ಸರಿಯಾಗಿ ಎದುರಿಗೆ, ಓರೆ ಕೋನ ಇಲ್ಲ, ಅವನ ಬೋರ್ಡಿನ ವಿದ್ಯೆ ನಡೆಯುವುದಿಲ್ಲ. ಯಾರೂ ಅಡ್ಡ ಬರದ ಹೊಡೆತ, ಎಲ್ಲರೂ ಸುಮ್ಮನೆ ನಿಂತು ನೋಡುತ್ತಿರುತ್ತಾರೆ, ಅದೇ ಅವನಿಗೆ ಆಗುತ್ತಿರಲಿಲ್ಲ. ಆ ದಿನದ ಶೀಟ್ ಈಗಲೂ ನನ್ನ ಹತ್ತಿರ ಇದೆ. ಹಾಕಿದ್ದಕ್ಕಿಂತ ತಪ್ಪಿದ್ದೇ ಜಾಸ್ತಿ.

ಅವತ್ತು ಸೋತ ಮೇಲೆ ಏಳು ನಮ್ಮ ಬೆಂಚಿಗೆ ಬಂದು ಕೂತ. ನಾವು ಅವರನ್ನೆಲ್ಲ ಎಸ್ಟೇಟ್ ಮಾಲೀಕರ ಮಕ್ಕಳು ಅಂದುಕೊಂಡಿದ್ದೆವು. ಇವನ ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಂತೆ. ಆ ಎರಡು ವರ್ಷ ಕಾಫಿ ಬೆಲೆ ನೆಲ ಕಚ್ಚಿತ್ತು, ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಅವನ ಶೂನ ಅಡಿಗೆ ಟೈರ್ ತುಂಡು ಹೊಲಿಸಿದ್ದ. ಹದಿನೈದು ಅದನ್ನೇ ನೋಡುತ್ತಾ, 'ಇದು ಜಾರಲ್ವಾ?' ಅಂತ ಕೇಳಿದ. 'ಒದ್ದೆ ಆದ್ರೆ ಮಾತ್ರ' ಅಂದ. ಆಲೂಗಡ್ಡೆ ರೇಟು, ಕಾಫಿ ರೇಟು ಮಾತಾಡುತ್ತಾ ಕೂತರು. ಬಸ್ಸು ತಪ್ಪುತ್ತದೆ ಅಂತ ನಾವೇ ಎಬ್ಬಿಸಬೇಕಾಯಿತು.

ಕೊನೆಯ ವರ್ಷಕ್ಕೆ ಮುಂಚೆ ನಡೆದದ್ದು ನನಗೆ ಎಲ್ಲಕ್ಕಿಂತ ಇಷ್ಟ. ಫ್ರೀ ಥ್ರೋ ಎಷ್ಟು ತಿದ್ದಿದರೂ ಸರಿ ಹೋಗಲಿಲ್ಲ, ಮೊಣಕೈ ಹೊರಗೆ ಹೋಗುತ್ತಿತ್ತು. ಒಂದು ಸಂಜೆ ಬೇಸರದಲ್ಲಿ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲ ಮಧ್ಯದಿಂದ, ಬಣವೆ ಮೇಲೆ ಹುಲ್ಲಿನ ಕಂತೆ ಎಸೆಯುವ ಹಾಗೆ ಎಸೆದ. ಬಿತ್ತು. ಇನ್ನೊಂದು ಎಸೆದ, ಅದೂ ಬಿತ್ತು. ನಾವು ಹೊಟ್ಟೆ ಹಿಡಿದು ನಕ್ಕೆವು. ಪಿ.ಡಿ. ಸರ್ ನಗಲಿಲ್ಲ. ರಿಕ್ ಬ್ಯಾರಿ ಅಂತ ಅಮೆರಿಕದಲ್ಲಿ ದೊಡ್ಡ ಆಟಗಾರ ಇದ್ದ, ಅವನು ಹೊಡೆಯುತ್ತಿದ್ದದ್ದೇ ಹೀಗೆ, ನೂರಕ್ಕೆ ಸುಮಾರು ತೊಂಬತ್ತು ಹಾಕುತ್ತಿದ್ದ ಅಂದರು. ನಾವು ನಂಬದೆ ಬ್ರೌಸಿಂಗ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟು ಹುಡುಕಿದೆವು, ನಿಜ. ಕಾರಣವೂ ಇದೆ. ಕೆಳಗಿನಿಂದ ಎಸೆದ ಚೆಂಡು ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುತ್ತದೆ. ರಿಂಗ್ 45 ಸೆಂಟಿಮೀಟರ್ ಅಗಲ, ಮೇಲಿನಿಂದ ಇಳಿಯುವ ಚೆಂಡಿಗೆ ಅದು ಪೂರ್ತಿ ತೆರೆದಿರುತ್ತದೆ, ಚಪ್ಪಟೆಯಾಗಿ ಬರುವ ಚೆಂಡಿಗೆ ಕಿರಿದಾಗುತ್ತದೆ. ಹಿಮ್ಮುಖವಾಗಿ ಸುತ್ತುತ್ತಾ ಬರುವುದರಿಂದ ರಿಂಗಿಗೆ ತಗುಲಿದರೂ ಆಚೆ ಎಗರದೆ ಅಲ್ಲೇ ಸಾಯುತ್ತದೆ. ಅಂಡರ್‌ಹ್ಯಾಂಡ್ ಹೊಡೆತದಲ್ಲಿ ಇಷ್ಟೆಲ್ಲ ಲಾಭ ಇದ್ದೂ ಜನ ಹೊಡೆಯದೆ ಇರುವುದು ನಾಚಿಕೆಗೆ, ಅಷ್ಟೇ.

2002ರ ಸೆಮಿಫೈನಲ್ ನಮ್ಮದೇ ಅಂಕಣದಲ್ಲಿ. ಬೆಳಿಗ್ಗೆಯಿಂದ ಸೋನೆ. ಬಣ್ಣದ ಗೆರೆಗಳು ಯಾವತ್ತೋ ಅಳಿಸಿ ಹೋಗಿದ್ದವು, ಟೂರ್ನಿಗೆ ಅಂತ ಸುಣ್ಣ ಹಾಕಿದ್ದರು, ಮಧ್ಯಾಹ್ನಕ್ಕೆ ಅರ್ಧ ತೊಳೆದು ಹೋಗಿತ್ತು. ಅವರು ಮತ್ತೆ ಫೌಲ್ ಮಾಡತೊಡಗಿದರು. ಹದಿನೈದು ಗೆರೆಯ ಮೇಲೆ ನಿಂತು ಕಾಲು ಅಗಲಿಸಿ ಬಗ್ಗಿದ. ಒಂದು ಕ್ಷಣ ಯಾರಿಗೂ ಅರ್ಥ ಆಗಲಿಲ್ಲ. ಆಮೇಲೆ ಅವರ ಕಡೆಯ ಹುಡುಗರೆಲ್ಲ 'ಅಜ್ಜೀ, ಅಜ್ಜೀ' ಅಂತ ಶುರು ಮಾಡಿದರು, ನಮ್ಮ ಕಡೆಯವರೂ ಕೆಲವರು ಸೇರಿಕೊಂಡರು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಚೆಂಡು ಬಿತ್ತು. ಬೀಳುತ್ತಲೇ ಹೋಯಿತು. ಕೊನೆಗೆ ಕೂಗುವುದು ನಿಂತಿತು, ಅವರು ಫೌಲ್ ಮಾಡುವುದೂ ನಿಂತಿತು, ಆಗ ಅವನು ಒಳಗೆ ನುಗ್ಗತೊಡಗಿದ.

ಕೊನೆಯ ಎರಡು ಫ್ರೀ ಥ್ರೋ ಹಾಕಿದಾಗ ನಾವು ಮೂರು ಪಾಯಿಂಟ್ ಮುಂದೆ. ಏಳು ಚೆಂಡು ತೆಗೆದುಕೊಂಡು ಬಂದು, ಎಡಗಡೆಯಿಂದ, ಮೂರು ಪಾಯಿಂಟಿನ ಗೆರೆ ಇರಬೇಕಾದ ಜಾಗದಿಂದ ಹೊಡೆದ. ಆ ಗೆರೆಯ ಆಚೆಯಿಂದ ಹಾಕಿದರೆ ಮೂರು, ಈಚೆಯಿಂದ ಎರಡು. ಹದಿನೈದು ಅವನ ಮುಂದೆಯೇ ಇದ್ದ, ಕೈ ಎತ್ತಿ, ನೆಲದ ಮೇಲೆ. ಹಾರಲಿಲ್ಲ. ಚೆಂಡು ಒಳಗೆ ಹೋಯಿತು. ರೆಫರಿ ಎರಡು ಬೆರಳು ಎತ್ತಿದರು. ಒಂದು ಪಾಯಿಂಟಿನಿಂದ ಗೆದ್ದೆವು. ಆಮೇಲೆ ಸಂಜೆ ಫೈನಲ್‌ನಲ್ಲಿ ಮೈಸೂರಿನ ತಂಡವೊಂದು ನಮ್ಮನ್ನು ಚೆನ್ನಾಗಿ ಬಡಿದು ಹಾಕಿತು. ಅದರ ಶೀಟ್ ನಾನು ಇಟ್ಟುಕೊಂಡಿಲ್ಲ.

ಹದಿನೈದು ಈಗ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್, ಏಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಇಬ್ಬರೂ ಒಬ್ಬರ ಮನೆಯ ಗೃಹಪ್ರವೇಶಕ್ಕೆ ಇನ್ನೊಬ್ಬರು ಹೋಗುವಷ್ಟು ಹತ್ತಿರ, ಆದರೆ ಆ ಹೊಡೆತದ ವಿಷಯ ಬಂದರೆ ಊಟ ತಣ್ಣಗಾಗುತ್ತದೆ. ಹೋದ ವರ್ಷ ಹಾಸನಾಂಬೆ ದರ್ಶನಕ್ಕೆ ಏಳು ಮನೆಯವರ ಜೊತೆ ಬಂದಿದ್ದ. ಕ್ಯೂನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಮೂವರೂ ಕಾಲೇಜಿಗೆ ಹೋದೆವು. ಅಂಕಣಕ್ಕೆ ಹೊಸ ಬಣ್ಣ ಬಂದಿದೆ, ನೆಟ್ ಕೂಡ ಇದೆ. ಆದರೆ ಮೂರು ಪಾಯಿಂಟಿನ ಗೆರೆ ನಮ್ಮ ಕಾಲದ್ದಲ್ಲ. ಆಗ ಅದು 6.25 ಮೀಟರ್ ಇತ್ತು, 2010ರಲ್ಲಿ 6.75ಕ್ಕೆ ಹೋಯಿತು. ಹದಿನೈದು ಬಿಡಲಿಲ್ಲ, ಸಿವಿಲ್ ವಿಭಾಗದ ಅಟೆಂಡರನ್ನು ಹಿಡಿದು ಸರ್ವೆ ಟೇಪ್ ತಂದ. ರಿಂಗಿನ ನಡುವಿನಿಂದ ನೇರ ಕೆಳಗೆ ಗುರುತು ಮಾಡಿ 6.25ಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಏಳು ಗೆರೆಯ ಆಚೆ ನಿಂತು 'ಇಲ್ಲಿ' ಅಂದ. ಹದಿನೈದು ಗೆರೆಯ ಈಚೆ ನಿಂತು 'ಇಲ್ಲಿ' ಅಂದ. ಶೀಟ್ ಏನು ಹೇಳುತ್ತೆ ಅಂತ ಇಬ್ಬರೂ ನನ್ನ ಕಡೆ ತಿರುಗಿದರು. ಶೀಟ್‌ನಲ್ಲಿ ಎರಡು ಅಂತಿದೆ, ರೆಫರಿ ತೋರಿಸಿದ್ದನ್ನು ತಾನೇ ನಾನು ಬರೆಯುವುದು, ಕಾಲು ಎಲ್ಲಿತ್ತು ಅಂತ ಬರೆಯಲು ಅದರಲ್ಲಿ ಕಾಲಂ ಎಲ್ಲಿದೆ ಅಂದೆ. ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದು, ಹೊಸ ಬಣ್ಣದ ಮೇಲೆ ಯಾರು ಸರ್ ಗೀಚಿದ್ದು, ಒರೆಸಿ ಹೋಗಿ ಅಂದ.