ಬೆಟ್ಟ ಇಳಿದ ಸಂಜೆ ಕಾಲಿಗೆ ಬೇಕಾದ ಚಪ್ಪಲಿ

ಕೊಡಗಿನಲ್ಲಿ ಬೆಟ್ಟ ಹತ್ತಲು ಹೊರಡುವವರು ಬೂಟಿನ ಆಯ್ಕೆಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆ ಬೂಟನ್ನು ಸಂಜೆ ಕಳಚಿದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ, ಮನೆಯಲ್ಲಿ ಬಿದ್ದಿದ್ದ ಹವಾಯಿ ಚಪ್ಪಲಿಯೊಂದನ್ನು ಚೀಲಕ್ಕೆ ತುರುಕಿದ್ದೇವೆ ಎಂಬ ಉತ್ತರವೇ ಹೆಚ್ಚು. ಎರಡು ದಿನದ ಚಾರಣವಾದರೆ ಎರಡನೆಯ ದಿನದ ನಡಿಗೆಯ ಸುಖದುಃಖ ಬಹುಮಟ್ಟಿಗೆ ಈ ನಡುವಿನ ಗಂಟೆಗಳನ್ನೇ ಅವಲಂಬಿಸಿರುತ್ತದೆ. ಅಂಗಡಿಗಳಲ್ಲಿ ದಣಿದ ಕಾಲು ಚೇತರಿಸಿಕೊಳ್ಳಲೆಂದು ರಿಕವರಿ ಚಪ್ಪಲಿ, ರಿಕವರಿ ಸ್ಲೈಡ್ (ಮೇಲೆ ಒಂದೇ ಅಗಲ ಪಟ್ಟಿಯ, ಹಿಂಬದಿ ತೆರೆದ ಚಪ್ಪಲಿ) ಎಂಬ ಹೆಸರಿನಲ್ಲಿ ಮಾರಾಟವಾಗುವ ಪಾದರಕ್ಷೆಗಳೆಲ್ಲ ತಮ್ಮ ಮೆತ್ತನೆಯ ಅಟ್ಟೆಯನ್ನೇ ದೊಡ್ಡ ಗುಣವೆಂದು ಹೇಳಿಕೊಳ್ಳುತ್ತವೆ. ನಮ್ಮ ಜಿಲ್ಲೆಯ ಮಟ್ಟಿಗೆ ನಾನು ಮೊದಲು ನೋಡುವುದು ಅದು ಎಷ್ಟು ಬೇಗ ಒಣಗುತ್ತದೆ, ಹಿಮ್ಮಡಿಯನ್ನು ಹಿಡಿದು ನಿಲ್ಲಿಸುತ್ತದೆಯೇ, ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಜಾರದೆ ನಿಲ್ಲುತ್ತದೆಯೇ ಎಂಬುದನ್ನು. ಮೆತ್ತಗಿರುವುದರ ವಿಚಾರ ಆಮೇಲೆ ಬರುತ್ತದೆ.

ಇಳಿಜಾರಿನಲ್ಲಿ ಕಾಲಿಗೆ ಆಗುವುದೇನು ಎಂಬುದರಿಂದ ಆರಂಭಿಸುವುದು ಒಳ್ಳೆಯದು. 1,748 ಮೀಟರ್ ಎತ್ತರದ ತಡಿಯಂಡಮೋಳ್‌ನಿಂದ ನಾಲ್ಕುನಾಡು ಅರಮನೆಯ ಕಡೆಗೆ ಇಳಿಯುವಾಗಲೂ, ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿಯಿಂದ ಕೆಳಗೆ ಬರುವಾಗಲೂ, ಪ್ರತಿ ಹೆಜ್ಜೆಗೆ ಪಾದ ಬೂಟಿನೊಳಗೆ ಮುಂದಕ್ಕೆ ಸರಿದು ಬೆರಳುಗಳು ತುದಿಗೆ ಒತ್ತುತ್ತವೆ. ದಿನವಿಡೀ ಕಾಲು ಕೆಳಗೆ ಇಟ್ಟೇ ನಡೆದದ್ದರಿಂದಲೂ ಬೂಟಿನೊಳಗಿನ ಬಿಸಿಯಿಂದಲೂ ಪಾದ ಊದಿಕೊಂಡಿರುತ್ತದೆ. ಒಂದೊಂದು ಪಾದದಲ್ಲೂ ಇರುವ 26 ಮೂಳೆಗಳನ್ನು ಬಿಗಿದಿಟ್ಟ ಸ್ನಾಯುಗಳು, ಜೊತೆಗೆ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಚಾಚಿಕೊಂಡಿರುವ ಗಟ್ಟಿ ಪಟ್ಟಿ, ಎಳೆದೆಳೆದು ದಣಿದಿರುತ್ತವೆ. ಇವೆಲ್ಲಕ್ಕಿಂತ ನಮ್ಮ ಊರಿನಲ್ಲಿ ಹೆಚ್ಚು ಕಾಡುವುದು ನೆನೆದ ಚರ್ಮ. ಗಂಟೆಗಟ್ಟಲೆ ಒದ್ದೆಯ ಕಾಲುಚೀಲದಲ್ಲಿದ್ದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಮೆದುವಾಗುತ್ತದೆ. ತೇವದ ಚರ್ಮದ ಮೇಲೆ ಉಜ್ಜಾಟ ಹೆಚ್ಚಾಗುವುದರಿಂದ ಗುಳ್ಳೆ ಏಳುವುದು ಕೂಡ ಅಂಥ ಚರ್ಮದಲ್ಲೇ ಬೇಗ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಜಾಗದಲ್ಲಿ, ಮಳೆ ನಿಂತ ದಿನವೂ ಬೆಳಗಿನ ಇಬ್ಬನಿಯ ಹುಲ್ಲಿನಲ್ಲಿ ಒಂದು ಮೈಲಿ ನಡೆದರೆ ಬೂಟು ಒಳಗಿನವರೆಗೆ ನೆನೆಯುತ್ತದೆ.

ಹೀಗಿರುವಾಗ ಸಂಜೆಯ ಚಪ್ಪಲಿಯ ಮೊದಲ ಕೆಲಸ ಚರ್ಮಕ್ಕೆ ಗಾಳಿ ಕೊಡುವುದು. ಚಪ್ಪಲಿ ಹಾಕುವುದಕ್ಕೂ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ. ಕಕ್ಕಬ್ಬೆಯ ಕಡೆಯ ಹೋಂಸ್ಟೇ ಒಂದರ ಅಕ್ಕ, ಬಂದವರು ಬೂಟು ಬಿಚ್ಚಿದ ಕೂಡಲೇ ಒಂದು ಬಕೆಟ್ ಬಿಸಿನೀರು, ಒಂದು ಹಳೆಯ ಬಟ್ಟೆ ತಂದಿಟ್ಟು, “ಬೆರಳ ಸಂದಿ ಒರೆಸಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತ್ಕೊಳ್ಳಿ ಅಣ್ಣ, ಕಾಫಿ ಕುಡಿದಾದ ಮೇಲೆ ಚಪ್ಪಲಿ ಹಾಕಿದರಾಯಿತು” ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟು ಕುಳಿತರೆ ಊತವೂ ಇಳಿಯುತ್ತದೆ, ಚರ್ಮವೂ ಒಣಗುತ್ತದೆ. ಜಿಗಣೆ ಕಚ್ಚಿದ ಜಾಗವಿದ್ದರೆ ಅದನ್ನು ಉಜ್ಜದೆ ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ವಸ್ತು ಜಿಗಣೆಯ ಜೊಲ್ಲಿನಲ್ಲಿರುವುದರಿಂದ ರಕ್ತ ಕೆಲಕಾಲ ಒಸರುವುದು ಸಹಜ. ಆ ರಕ್ತ ನಿಂತ ಮೇಲೆಯೇ ಪಾದವನ್ನು ಚಪ್ಪಲಿಯೊಳಗೆ ಇಡುವುದು ಮೇಲು.

ಈಗ ಹವಾಯಿ ಚಪ್ಪಲಿಯ ವಿಚಾರ. ಅದು ಹಗುರ, ಅಗ್ಗ, ಬೇಗ ಒಣಗುತ್ತದೆ. ಬಚ್ಚಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದಣಿದ ಕಾಲಿಗೆ ಅದು ವಿಶ್ರಾಂತಿ ಕೊಡುವುದಿಲ್ಲ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಜಾರದಿರಲೆಂದು ನಾವು ನಮಗೆ ತಿಳಿಯದಂತೆಯೇ ಪ್ರತಿ ಹೆಜ್ಜೆಗೆ ಬೆರಳುಗಳನ್ನು ಮಡಚಿ ಅದನ್ನು ಹಿಡಿದುಕೊಳ್ಳುತ್ತೇವೆ. ಬೆಟ್ಟದಲ್ಲಿ ದುಡಿದ ಸ್ನಾಯುಗಳೇ ಅಂಗಳದಲ್ಲಿಯೂ ದುಡಿಯುತ್ತಲೇ ಇರುತ್ತವೆ. ಬೆರಳ ಸಂದಿಯಲ್ಲಿ ನೆನೆದ ಚರ್ಮವಿದ್ದರೆ ಉಂಗುಟದ ಪಟ್ಟಿ ಅಲ್ಲಿಯೇ ಉಜ್ಜುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕಾಲುಚೀಲ ಹಾಕಿದರೆ ಆ ಪಟ್ಟಿಗೆ ಜಾಗವೇ ಇರುವುದಿಲ್ಲ. ತೆಳುವಾದ ಚಪ್ಪಟೆ ಅಟ್ಟೆಯಲ್ಲಿ ಪಾದದ ಕಮಾನಿಗೆ ಆಸರೆಯಿರುವುದಿಲ್ಲ ಎಂಬ ಕಾರಣದಿಂದ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗಳನ್ನು ಇಡುವಾಗ ಹಿಮ್ಮಡಿ ನೋಯುವವರು ಇದರಿಂದ ದೂರವಿರುವುದೇ ಒಳ್ಳೆಯದು.

ಮುಂಭಾಗ ಮುಚ್ಚಿ, ಮೇಲೆ ತೂತುಗಳಿದ್ದು, ಹಿಂದಕ್ಕೆ ತಿರುಗಿಸಬಹುದಾದ ಪಟ್ಟಿಯಿರುವ ಬಗೆಯೊಂದಿದೆ. ಯಾವ ಕಂಪನಿಯದ್ದಾದರೂ ನಮ್ಮ ಜನ ಅದನ್ನು ಕ್ರಾಕ್ಸ್ ಎಂದೇ ಕರೆಯುತ್ತಾರೆ. ಕ್ಯಾಂಪಿಗೆ ನನ್ನ ಮೆಚ್ಚಿನ ಆಯ್ಕೆ ಇದೇ. ಇಂಥವನ್ನು ಹೆಚ್ಚಾಗಿ ಇವಿಎ ಎಂಬ ಫೋಮಿನಿಂದಲೋ ಅದರಂಥದ್ದೇ ಬೇರೊಂದು ಫೋಮಿನಿಂದಲೋ ಮಾಡುತ್ತಾರೆ. ಈ ಫೋಮಿನೊಳಗಿನ ಗಾಳಿಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುವುದರಿಂದ ಅದು ನೀರನ್ನು ಹೀರುವುದಿಲ್ಲ. ತೊಳೆದು ಕೊಡವಿ ಬಟ್ಟೆಯಲ್ಲಿ ಒರೆಸಿದರೆ ಕೂಡಲೇ ಹಾಕಿಕೊಳ್ಳಬಹುದು. ಅಗಲವಾದ ಮುಂಭಾಗದಲ್ಲಿ ಊದಿದ ಬೆರಳುಗಳು ಹರಡಿಕೊಳ್ಳುತ್ತವೆ, ದಪ್ಪ ಕಾಲುಚೀಲಕ್ಕೂ ಜಾಗವಿರುತ್ತದೆ, ಹಿಂದಿನ ಪಟ್ಟಿಯನ್ನು ಹಾಕಿಕೊಂಡರೆ ಬೆರಳು ಮಡಚುವ ಅಗತ್ಯ ತಪ್ಪುತ್ತದೆ. ಕಾಫಿ ತೋಟದ ಅಂಚಿನಲ್ಲಿ ಡೇರೆ ಹಾಕಿದಾಗ ನಾಚಿಕೆಮುಳ್ಳಿನಿಂದಲೂ, ಕತ್ತರಿಸಿದ ಗಿಡದ ಮೋಟಿನಿಂದಲೂ ಬೆರಳುಗಳನ್ನು ಕಾಯುವುದು ಆ ಮುಚ್ಚಿದ ಮುಂಭಾಗವೇ. ಕಳಚಿ ಹಾಕುವುದು ಸುಲಭವಾಗಿರುವುದೂ ಇಲ್ಲಿ ಸಣ್ಣ ಸಂಗತಿಯಲ್ಲ. ಕೊಡಗಿನ ಯಾವ ಮನೆಯೊಳಗೂ ಚಪ್ಪಲಿ ಮೆಟ್ಟಿ ಹೋಗುವ ರೂಢಿಯಿಲ್ಲ, ಪಾಡಿ ಇಗ್ಗುತ್ತಪ್ಪನ ದರ್ಶನಕ್ಕೆ ಹೋದರೂ ಬಾಗಿಲಲ್ಲೇ ಬಿಡಬೇಕು.

ಇದೇ ಫೋಮಿಗೆ ಎರಡು ದೊಡ್ಡ ಕೊರತೆಗಳಿವೆ. ಮೊದಲನೆಯದು ಹಿಡಿತದ್ದು. ರಬ್ಬರಿನ ಅಟ್ಟೆ ಒದ್ದೆ ನೆಲವನ್ನು ಹಿಡಿಯುವಷ್ಟು ಬರಿಯ ಫೋಮಿನ ಅಟ್ಟೆ ಹಿಡಿಯುವುದಿಲ್ಲ. ನಮ್ಮ ಮನೆಗಳ ರೆಡ್ ಆಕ್ಸೈಡ್ ಜಗಲಿ, ಪಾಚಿ ಹಿಡಿದ ಕಲ್ಲುಮೆಟ್ಟಿಲು, ಕೆಂಪು ಮಣ್ಣಿನ ಇಳಿಜಾರು ಇವೆಲ್ಲ ಮಳೆಗಾಲದಲ್ಲಿ ಎಷ್ಟು ಜಾರುತ್ತವೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಕೊಳ್ಳುವಾಗ ಚಪ್ಪಲಿಯನ್ನು ಮಗುಚಿ ನೋಡಿ, ಅಡಿಯಲ್ಲಿ ರಬ್ಬರಿನ ಪದರವನ್ನು ಅಂಟಿಸಿದ್ದರೆ, ಕಡೆಯಪಕ್ಷ ಗೀರುಗಳು ಆಳವಾಗಿದ್ದರೆ ಮಾತ್ರ ಆರಿಸಿಕೊಳ್ಳಿ. ಎರಡನೆಯದು ಶಾಖದ್ದು. ಅಗ್ಗಿಷ್ಟಿಕೆಯ ಪಕ್ಕದಲ್ಲಿ, ಸೌದೆ ಒಲೆಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಇಟ್ಟರೆ ಇವಿಎ ಕುಗ್ಗುತ್ತದೆ, ಒಮ್ಮೆ ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಕ್ಯಾಂಪ್ ಫೈರ್ ಸುತ್ತ ಕಾಲು ಚಾಚಿ ಕೂರುವವರು ಇದನ್ನು ನೆನಪಿಡಬೇಕು; ಕಿಡಿ ಬಿದ್ದರೆ ತೂತು ಕೂಡ ಆಗುತ್ತದೆ.

ಅಟ್ಟೆ ಬಹಳ ದಪ್ಪಗಿದ್ದು, ಮುಂದೆ ಮತ್ತು ಹಿಂದೆ ದೋಣಿಯ ಹಾಗೆ ಮೇಲಕ್ಕೆ ಬಾಗಿರುವ ಸ್ಲೈಡ್‌ಗಳು ಈಗ ಹೆಚ್ಚಾಗಿ ಕಾಣಸಿಗುತ್ತವೆ. ಆ ಬಾಗು ಇರುವುದರಿಂದ ನಡೆಯುವಾಗ ಹೆಬ್ಬೆರಳಿನ ಬುಡದ ಕೀಲು ಅಷ್ಟಾಗಿ ಮಡಚಬೇಕಾಗಿಲ್ಲ, ಆ ಕೀಲು ನೋಯುವವರಿಗೆ ಅದು ನಿಜವಾಗಿಯೂ ಹಿತ. ಸಿಮೆಂಟು ನೆಲದ ಮೇಲೆ, ಮನೆಯೊಳಗೆ, ವಾಹನದಲ್ಲಿ ಊರಿಗೆ ಮರಳುವ ದಾರಿಯಲ್ಲಿ ಅವು ಬಹಳ ಚೆನ್ನ. ಬೇರು, ಕಲ್ಲು, ಗುಂಡಿಗಳ ತೋಟದ ದಾರಿಯಲ್ಲಿ ಮಾತ್ರ ಎತ್ತರದ ಮೆದು ಅಟ್ಟೆ ಪಕ್ಕಕ್ಕೆ ವಾಲಿ, ದಣಿದ ಹರಡು ಉಳುಕುವ ಸಂಭವವಿದೆ. ನಡೆಯುವುದು ಅಂಗಳದಲ್ಲಿಯೋ ತೋಟದಲ್ಲಿಯೋ ಎಂಬುದನ್ನು ತೀರ್ಮಾನಿಸಿಕೊಂಡು ಅವನ್ನು ಕೊಳ್ಳಬೇಕು.

ಪಟ್ಟಿಗಳಿರುವ ಸ್ಯಾಂಡಲ್‌ಗಳು ಇನ್ನೊಂದು ಬಗೆ. ಹಳ್ಳ ದಾಟಬೇಕಾದ ದಾರಿಯಿದ್ದರೆ ನಾನು ಅವನ್ನೇ ಹೇಳುತ್ತೇನೆ, ಏಕೆಂದರೆ ಅವುಗಳ ರಬ್ಬರು ಅಟ್ಟೆ ಒದ್ದೆ ಬಂಡೆಯನ್ನು ಹಿಡಿಯುತ್ತದೆ, ಊತಕ್ಕೆ ತಕ್ಕಂತೆ ಪಟ್ಟಿಯನ್ನು ಸಡಿಲಿಸಬಹುದು, ಬೂಟು ಕೈಕೊಟ್ಟರೆ ಒಂದಷ್ಟು ದೂರ ನಡೆಯಲೂಬಹುದು. ತೂಕ ಹೆಚ್ಚು, ಬಟ್ಟೆಯ ಪಟ್ಟಿಗಳು ನಿಧಾನವಾಗಿ ಒಣಗುತ್ತವೆ. ತೊಗಲಿನ ಚಪ್ಪಲಿಯನ್ನೂ ಕಾರ್ಕಿನ ಅಟ್ಟೆಯದ್ದನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ತರಲೇಬಾರದು. ಎರಡೇ ದಿನದ ತೇವಕ್ಕೆ ಬೂಷ್ಟು ಹಿಡಿಯಲು ಆರಂಭವಾಗುತ್ತದೆ.

ಅಳತೆಯನ್ನು ಸಂಜೆ ನೋಡಬೇಕು. ದಿನದ ಕೊನೆಗೆ ಪಾದ ಸ್ವಲ್ಪ ದೊಡ್ಡದಾಗಿರುತ್ತದೆ, ಚಾರಣ ಮುಗಿದಾಗ ಇನ್ನೂ ಹೆಚ್ಚು. ಚಾರಣಕ್ಕೆ ಬಳಸುವ ಕಾಲುಚೀಲವನ್ನು ಜೊತೆಗೆ ಒಯ್ದು, ಹಾಕಿಯೂ ಹಾಕದೆಯೂ ಅಂಗಡಿಯಲ್ಲಿ ನಡೆದು ನೋಡಿ. ಹಿಮ್ಮಡಿ ಅಟ್ಟೆಯಿಂದ ಹೊರಗೆ ಚಾಚಬಾರದು, ಕಮಾನಿನ ಕೆಳಗಿನ ಉಬ್ಬು ಆಸರೆ ಕೊಡಬೇಕೇ ಹೊರತು ಚುಚ್ಚಬಾರದು. ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿದಾಗ ಕುಳಿ ಬಿದ್ದು ಹಾಗೆಯೇ ಉಳಿದರೆ ಆ ಫೋಮು ಹೆಚ್ಚು ಕಾಲ ಬಾಳುವುದಿಲ್ಲ. ತೂಕಕ್ಕೆ ನಾನು ಇಟ್ಟುಕೊಂಡಿರುವ ಮಿತಿ ಜೋಡಿಗೆ 400 ಗ್ರಾಂ. ಅದಕ್ಕಿಂತ ಭಾರದ್ದನ್ನು ಬೆನ್ನಿನ ಮೇಲೆ ಹೊತ್ತು ಬೆಟ್ಟ ಹತ್ತುವ ಮನಸ್ಸಾಗುವುದಿಲ್ಲ, ಕೊನೆಗೆ ಮನೆಯಲ್ಲೇ ಬಿಟ್ಟುಬರುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಮುಂಭಾಗ ಮುಚ್ಚಿದ ಬಗೆಯನ್ನೇ ಆರಿಸಿ, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ರಾತ್ರಿಯ ವಿಚಾರದಲ್ಲಿ ಯಾರೂ ಉದಾಸೀನ ಮಾಡಬಾರದು. ಶೌಚಾಲಯ ಎರಡೇ ಹೆಜ್ಜೆ ದೂರವೆಂದು ಬರಿಗಾಲಿನಲ್ಲಿ ಹೊರಡುವವರಿದ್ದಾರೆ. ಕಾಫಿ ಗಿಡದ ಬುಡದ ತರಗೆಲೆಗಳಲ್ಲಿ ಮಂಡಲದ ಜಾತಿಯ ಹಾವುಗಳು ಮಲಗಿರುತ್ತವೆ, ಎಲೆಯ ಬಣ್ಣಕ್ಕೂ ಅವುಗಳ ಬಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಟಾರ್ಚು ಇಲ್ಲದೆ ಯಾವ ಚಪ್ಪಲಿಯೂ ಸಾಲದು. ಕೆಸರು ನೀರಿನಲ್ಲಿ ಇಲಿಜ್ವರದ ರೋಗಾಣುಗಳಿರಬಹುದು, ಒಡೆದ ಗುಳ್ಳೆ ಅವುಗಳಿಗೆ ತೆರೆದ ಬಾಗಿಲು. ಹಾಗಾಗಿ ಗುಳ್ಳೆ ಒಡೆದಿದ್ದರೆ ಮೊದಲು ಪಟ್ಟಿ ಅಂಟಿಸಿ, ತೂತಿನ ಚಪ್ಪಲಿಯಲ್ಲಿ ನಿಂತ ನೀರಿಗೆ ಇಳಿಯದಿರಿ. ಹೊರಗೆ ಬಿಟ್ಟ ಚಪ್ಪಲಿಯನ್ನು ಬೆಳಿಗ್ಗೆ ಕೊಡವಿಯೇ ಹಾಕಿಕೊಳ್ಳಬೇಕು, ಚೇಳು ಮತ್ತು ಜಿಗಣೆ ಎರಡಕ್ಕೂ ಆ ಕತ್ತಲೆಯ ಮೂಲೆ ಇಷ್ಟ.

ತೆಗೆದಿಡುವ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಲವು ಚಪ್ಪಲಿಗಳ ಅಟ್ಟೆ ಪಿಯು, ಅಂದರೆ ಪಾಲಿಯುರಿಥೇನ್‌ನದ್ದು. ಅದು ಇವಿಎಗಿಂತ ಹೆಚ್ಚು ಕಾಲ ತನ್ನ ಪುಟಿತವನ್ನು ಉಳಿಸಿಕೊಳ್ಳುತ್ತದೆ, ಆದರೆ ಗಾಳಿಯ ತೇವದೊಂದಿಗೆ ನಿಧಾನವಾಗಿ ರಾಸಾಯನಿಕವಾಗಿ ಒಡೆಯುತ್ತದೆ. ಬಳಸದೆ ಕೆಲವು ವರ್ಷ ಕಪಾಟಿನಲ್ಲಿಟ್ಟರೂ ಒಂದು ದಿನ ಅಟ್ಟೆ ತುಂಡುತುಂಡಾಗಿ ಉದುರುತ್ತದೆ. ಬೂಟುಗಳ ಅಟ್ಟೆಗೂ ಇದೇ ಗತಿ. ಕೊಡಗಿನ ಮನೆಗಳಲ್ಲಿ ಇದು ಬೇಗ ಆಗುವುದರಿಂದ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ ಗಾಳಿಯಾಡುವ ಜಾಗದಲ್ಲಿ ಇಡಿ, ಆಗಾಗ ಹಾಕಿಕೊಂಡು ಓಡಾಡಿ, ಚಾರಣಕ್ಕೆ ಒಂದು ವಾರ ಮೊದಲೇ ಹೊರತೆಗೆದು ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಹೊಸದನ್ನು ಕೊಳ್ಳಲು ಆಗಲೂ ಸಮಯವಿರುತ್ತದೆ.